ಓಟವಿಲ್ಲದ ದಿನ ಊರೊಳಗೆ ಓಡಾಟ ಹೇಗೆ? ಬೆಂಗಳೂರಿನ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆ ನಾಲ್ಕೈದು ದಿನ ಓಡುವವರಿಗೆ ಉಳಿದ ಎರಡು ಮೂರು ದಿನವೂ ಆಫೀಸು, ಕಾಲೇಜು, ಮಾರ್ಕೆಟ್ಟು ತಪ್ಪಿದ್ದಲ್ಲ. ಆ ದಿನಗಳಲ್ಲಿ ಕಾಲಿಗೆ ವಿಶ್ರಾಂತಿಯೂ ಸಿಗಬೇಕು, ಕೆಲಸವೂ ಆಗಬೇಕು. ಓಟದ ಗುಂಪುಗಳ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಹೊಸಬರ ಪ್ರಶ್ನೆಗಳು ಮೊದಲು, ವರ್ಷಗಟ್ಟಲೆ ಓಡಿದವರದ್ದು ಕೊನೆಗೆ.

## ಮೊದಲ ಪ್ರಶ್ನೆಗಳು

ರೆಸ್ಟ್ ಡೇ ಅಂದ್ರೆ ಮನೇಲೇ ಕೂತಿರ್ಬೇಕಾ? ನಡ್ಕೊಂಡು ಹೋದ್ರೆ ರೆಸ್ಟ್ ಕೆಟ್ಟುಹೋಗುತ್ತಾ?

ಕೆಡುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಡೆಯುವಾಗ ಅದು ಮೈತೂಕಕ್ಕಿಂತ ತುಸುವೇ ಹೆಚ್ಚು. ಇನ್ನೊಂದು ಸಂಗತಿ: ಓಟದಲ್ಲಿ ತೊಡೆಯ, ಮೀನಖಂಡದ ಸ್ನಾಯುಗಳು ಹಿಗ್ಗುತ್ತಾ ಹಿಗ್ಗುತ್ತಾ ಭಾರ ತಡೆಯಬೇಕು. ಎರಡನೇ ದಿನ ಮೆಟ್ಟಿಲಿಳಿಯುವಾಗ ಕಾಡುವ ನೋವಿನ ಮೂಲ ಈ ಹಿಗ್ಗುವ ಕೆಲಸವೇ. ಹಾಗಾಗಿ ವಿಶ್ರಾಂತಿಯ ದಿನ ದೂರ ಇಡಬೇಕಾದದ್ದು ಬಡಿತವನ್ನು, ಇಳಿಜಾರಿನ ಎಳೆತವನ್ನು, ಏದುಸಿರನ್ನು. ಇವು ಮೂರನ್ನೂ ಒಟ್ಟಿಗೆ ಕರೆದು ತರುವುದು ಆತುರ. ಹೊರಟ ಬಸ್ಸಿನ ಹಿಂದೆ ಬ್ಯಾಗು ಹೊತ್ತು 80 ಮೀಟರ್ ಓಡುವುದೆಂದರೆ ಮೈ ಬಿಸಿಯಾಗದೆ ಮಾಡಿದ ಸ್ಪ್ರಿಂಟ್. ಮೀನಖಂಡ ಹಿಡಿದುಕೊಳ್ಳುವುದು ಇಂಥ ಹೊತ್ತಿನಲ್ಲೇ. ಯಾವ ವಾಹನ ಹಿಡಿದರೂ ಸರಿ, ಹದಿನೈದು ನಿಮಿಷ ಮುಂಚೆ ಮನೆ ಬಿಡಿ.

ಎಷ್ಟು ದೂರ ನಡೀಬಹುದು? ಲೆಕ್ಕ ಹೇಳಿ.

ವಾರಕ್ಕೆ 30–40 ಕಿ.ಮೀ. ಓಡುವವರಿಗೆ ಒಂದು ಸಲಕ್ಕೆ 20–30 ನಿಮಿಷ, ಅಂದರೆ ಒಂದೂವರೆಯಿಂದ ಎರಡೂವರೆ ಕಿ.ಮೀ. ಆರಾಮ. ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಎರಡು ಸಲ ಆದರೂ ಚಿಂತೆಯಿಲ್ಲ. ವೇಗ ಗಂಟೆಗೆ 4–5 ಕಿ.ಮೀ. ಸಾಕು, ಫೋನಿನಲ್ಲಿ ಮಾತಾಡುತ್ತಾ ಹೋದರೆ ಆ ಕಡೆಯವರಿಗೆ ನೀವು ನಡೆಯುತ್ತಿರುವುದು ಗೊತ್ತಾಗಬಾರದು. ಓಟ ಶುರುಮಾಡಿ ಮೂರು ತಿಂಗಳಾಗದವರು ಇದರ ಅರ್ಧಕ್ಕೆ ನಿಲ್ಲಿಸಿ.

ಜನ ಮರೆಯುವ ಲೆಕ್ಕ ಇನ್ನೊಂದಿದೆ. ಮಾಲಿನೊಳಗೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಮೂರು ಗಂಟೆ ಸುತ್ತುವುದನ್ನು ಯಾರೂ ನಡಿಗೆಯೆಂದು ಎಣಿಸುವುದಿಲ್ಲ. ನಿಂತು ನಿಂತು ನಡೆಯುವ ಆ ಮೂರು ಗಂಟೆ, ಒಂದೇ ಸಮನೆ ನಡೆದ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಸುಸ್ತು ಮಾಡುತ್ತದೆ. ಸೀರೆ ಅಂಗಡಿಯ ಕೆಲಸವನ್ನು ಲಾಂಗ್ ರನ್ನಿನ (ವಾರದ ಅತಿ ದೂರದ ಓಟದ) ಮಾರನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಎರಡೇ ಕಿಲೋಮೀಟರ್ ತಾನೆ, ನಿಧಾನಕ್ಕೆ ಓಡ್ಕೊಂಡೇ ಹೋದ್ರೆ ಆಗಲ್ವಾ?

ಬೇಡ. ನಿಧಾನದ ಓಟವೂ ಓಟವೇ. ಎರಡೂ ಪಾದ ನೆಲ ಬಿಟ್ಟ ಮೇಲೆ ಬಡಿತ ಇದ್ದೇ ಇರುತ್ತದೆ. ಎರಡು ಕಿಲೋಮೀಟರಿಗೆ ಹತ್ತಿರತ್ತಿರ ಎರಡು ಸಾವಿರ ಸಲ.

ಓಡುವ ಶೂ ಹಾಕ್ಕೊಂಡೇ ಹೋಗ್ಲಾ, ಚಪ್ಪಲಿ ಸಾಕಾ?

ಈಗ ಓಡುತ್ತಿರುವ ಜೋಡಿಯನ್ನು ಮನೆಯಲ್ಲೇ ಬಿಡಿ. ಓಟದ ಶೂವಿನ ಆಯಸ್ಸು 500ರಿಂದ 800 ಕಿ.ಮೀ. ಅನ್ನುವಾಗ ನಡೆದ ದೂರವೂ ಅದರಲ್ಲಿ ಕಳೆಯುತ್ತದೆ. ಜೊತೆಗೆ ಅಡಿಯ ಫೋಮ್ ಹಿಂದಿನ ದಿನದ ಒತ್ತಡದಿಂದ ಮೇಲೇಳಲು ಅದಕ್ಕೂ ಒಂದು ದಿನ ಬಿಡುವು ಒಳ್ಳೆಯದು. ಓಟದಿಂದ ನಿವೃತ್ತಿಯಾದ ಹಳೆಯ ಜೋಡಿ ಓಡಾಟಕ್ಕೆ ಚೆನ್ನ. ಆದರೆ ಹಿಮ್ಮಡಿಯ ಹೊರಮೂಲೆ ಸವೆದು ಓರೆಯಾಗಿದ್ದರೆ ಅದೂ ಬೇಡ, ಮಂಡಿ ಒಂದು ಕಡೆಗೆ ವಾಲುತ್ತದೆ. ತೆಳ್ಳನೆಯ ಹವಾಯಿ ಚಪ್ಪಲಿಯಲ್ಲಿ ಬೆರಳು ಮಡಿಸಿ ಹಿಡಿದುಕೊಂಡೇ ನಡೆಯಬೇಕಾಗುತ್ತದೆ. ಅರ್ಧ ಗಂಟೆಗೆ ಅಂಗಾಲು ಬಿಗಿಯುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಆದರೆ ಪರವಾಗಿಲ್ಲ.

ನಡೆಯೋಕೆ ಒಳ್ಳೆ ಫುಟ್‌ಪಾತ್ ಎಲ್ಲಿದೆ?

ನಗರದ ನಡುವೆ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಅಗಲ ಫುಟ್‌ಪಾತ್ ಇಟ್ಟು ಮಾಡಿದ ರಸ್ತೆಗಳಲ್ಲಿ: ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ. ಇಲ್ಲಿ ಅಗಲವೂ ಇದೆ, ಹತ್ತಿ ಇಳಿಯುವುದೂ ಕಡಿಮೆ. ಉಳಿದೆಡೆ ಪ್ರತಿ ಮನೆಯ ಗೇಟಿಗೂ ಫುಟ್‌ಪಾತ್ ತುಂಡಾಗಿ, ಒಂದು ಕಿಲೋಮೀಟರಿನಲ್ಲಿ ಹತ್ತಾರು ಸಲ ಅರ್ಧ ಅಡಿ ಇಳಿದು ಹತ್ತಬೇಕು. ಕಾಲು ದಣಿದಿದ್ದಾಗ ಪಾದ ಉಳುಕುವುದು ಆ ಅಂಚುಗಳಲ್ಲೇ. ಅಂಥ ಕಡೆ ಮುಖ್ಯರಸ್ತೆ ಬಿಟ್ಟು ಸಮಾನಾಂತರದ ಕ್ರಾಸ್ ರಸ್ತೆ ಹಿಡಿಯಿರಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ವಿಠ್ಠಲ್ ಮಲ್ಯ ರಸ್ತೆ ಕಡೆಯಿಂದ ವಿಧಾನಸೌಧದ ಕಡೆಗೆ ಮರದ ನೆರಳಿನಲ್ಲೇ ದಾಟಬಹುದು.

## ಮೆಟ್ರೊ, ಬಸ್ಸು, ಆಟೊ, ಸ್ವಂತ ಗಾಡಿ

ಮೆಟ್ರೊದಲ್ಲೇ ಹೋಗ್ತೀನಿ, ಆದ್ರೂ ಸಂಜೆಗೆ ತೊಡೆ ನೋಯುತ್ತೆ. ಯಾಕೆ?

ಮೆಟ್ಟಿಲು. ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವವರು, ಹಸಿರಿನಿಂದ ಹಳದಿಗೆ ಆರ್.ವಿ. ರಸ್ತೆಯಲ್ಲಿ ಬದಲಾಯಿಸುವವರು ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಿಳಿಯುತ್ತೇವೆಂದು ಒಮ್ಮೆ ಎಣಿಸಿ ನೋಡಲಿ. ಹತ್ತುವುದು ಅಷ್ಟು ಕೆಟ್ಟದ್ದಲ್ಲ, ಉಸಿರು ಹಿಡಿಯುತ್ತದೆ ಅಷ್ಟೇ. ಇಳಿಯುವುದೇ ದುಬಾರಿ. ಒಂದೊಂದು ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕುತ್ತದೆ, ನಿನ್ನೆಯ ಓಟದಲ್ಲಿ ಮಾಡಿದ ಕೆಲಸವನ್ನೇ ಇವತ್ತೂ ಮಾಡುತ್ತದೆ.

ಪರಿಹಾರ ಸುಲಭ. ಇಳಿಯಲು ಎಸ್ಕಲೇಟರ್ ಎಲ್ಲ ಕಡೆ ಇರುವುದಿಲ್ಲ, ಆದರೆ ಲಿಫ್ಟ್ ಪ್ರತಿ ನಿಲ್ದಾಣದಲ್ಲೂ ಇದೆ. ನಿಮ್ಮ ನಿಲ್ದಾಣದ ಲಿಫ್ಟ್ ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿದೆ ಎಂದು ನೋಡಿಟ್ಟುಕೊಂಡು ಅದರ ಹತ್ತಿರ ನಿಲ್ಲುವ ಬೋಗಿಯನ್ನೇ ಹತ್ತಿ. ವಯಸ್ಸಾದವರು, ಗಾಲಿಕುರ್ಚಿಯವರು ಇದ್ದರೆ ಅವರು ಮೊದಲು. ನೀವು ಮುಂದಿನ ಸರದಿಗೆ ಕಾಯಿರಿ. ಮೆಟ್ಟಿಲೇ ಗತಿಯಾದರೆ ಪಕ್ಕದ ಕಂಬಿ ಹಿಡಿದು, ಇಡೀ ಪಾದ ಊರಿ ನಿಧಾನವಾಗಿ ಇಳಿಯಿರಿ. ಬಾಗಿಲು ಮುಚ್ಚುವ ಬೀಪ್ ಕೇಳಿ ಎರಡೆರಡು ಮೆಟ್ಟಿಲು ಹಾರುವುದಂತೂ ಬೇಡವೇ ಬೇಡ.

ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 7ಕ್ಕೆ, ಉಳಿದ ದಿನಗಳಿಗಿಂತ ತಡ. ಬೆಳಗಿನ ಕೆಲಸವಿದ್ದರೆ ಅದನ್ನು ನೆನಪಿಡಿ.

ಬಸ್ಸಲ್ಲಿ ಒಂದೂವರೆ ಗಂಟೆ ನಿಂತ್ಕೊಂಡು ಹೋಗೋದು ರೆಸ್ಟ್ ಹೇಗಾಗುತ್ತೆ?

ಆಗುವುದಿಲ್ಲ. ನಿಂತಲ್ಲೇ ನಿಂತರೆ ಮೀನಖಂಡ ಪಂಪಿನಂತೆ ಕೆಲಸ ಮಾಡುವುದಿಲ್ಲ, ರಕ್ತ ಕೆಳಗೆ ನಿಲ್ಲುತ್ತದೆ, ಕಾಲು ಭಾರವಾಗುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ಬೀಳದಂತೆ ತಡೆದುಕೊಳ್ಳುವ ಕೆಲಸ ಬೇರೆ. ಸೀಟು ಸಿಗುವ ಉಪಾಯ ಹುಡುಕಿ: ಎರಡು ನಿಲ್ದಾಣ ಹಿಂದಕ್ಕೆ ನಡೆದು ಬಸ್ಸು ಹೊರಡುವ ಜಾಗದಲ್ಲೇ ಹತ್ತುವುದು, ಬನಶಂಕರಿ, ಶಿವಾಜಿನಗರದಂಥ ದೊಡ್ಡ ನಿಲ್ದಾಣದಲ್ಲಿ ತುಂಬಿದ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುವುದು. ದಿನದ ಪಾಸ್ ಇದ್ದರೆ ನಡುವೆ ಇಳಿದು ಖಾಲಿ ಬಸ್ಸು ಹತ್ತಲು ಹಿಂಜರಿಕೆ ಇರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಅವರಿಗೆ ಇದು ಇನ್ನೂ ಸುಲಭ, ಎ.ಸಿ. ವಜ್ರಕ್ಕೆ ಅದು ಅನ್ವಯಿಸುವುದಿಲ್ಲ.

ನಿಲ್ಲಲೇಬೇಕಾದರೆ ಬಸ್ಸು ಹೋಗುವ ದಿಕ್ಕಿಗೆ ಒಂದು ಪಾದ ಮುಂದೆ ಒಂದು ಹಿಂದೆ ಇಟ್ಟು, ಮಂಡಿ ಸ್ವಲ್ಪ ಸಡಿಲ ಬಿಟ್ಟು ನಿಲ್ಲಿ. ಐದು ನಿಮಿಷಕ್ಕೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ. ಬಸ್ಸು ಪೂರ್ತಿ ನಿಲ್ಲುವ ಮೊದಲು ಫುಟ್‌ಬೋರ್ಡಿನಿಂದ ಇಳಿಯಬೇಡಿ. ಎಷ್ಟು ಅನುಭವವಿದ್ದರೂ ಬೇಡ. ಚಲಿಸುವ ಬಸ್ಸಿನಿಂದ ಒಂದೇ ಕಾಲಿನ ಮೇಲೆ ಇಳಿಯುವುದು ಆ ಮಂಡಿಗೆ ದೊಡ್ಡ ಹೊಡೆತ.

ಆಟೊ ಹತ್ತಿದ್ರೆ ಸೋಮಾರಿತನ ಅನ್ಸುತ್ತೆ. ತಪ್ಪಾ?

ಸ್ವಲ್ಪವೂ ಅಲ್ಲ. 28 ಕಿ.ಮೀ. ಓಡಿದ ಮಾರನೇ ದಿನ ಆಟೊದಲ್ಲಿ ಹೋಗುವುದು ತರಬೇತಿಯ ಭಾಗ ಎಂದೇ ತಿಳಿಯಿರಿ. 2025ರ ಆಗಸ್ಟ್ 1ರಂದು ಜಾರಿಗೆ ಬಂದ ಮೀಟರ್ ದರದಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿಗೆ 90 ಆಗುತ್ತದೆ. ಇಡೀ ದಾರಿ ಆಟೊ ಬೇಕಿಲ್ಲ, ಮನೆಯಿಂದ ಮೆಟ್ರೊವರೆಗೆ ಸಾಕು. ಹಿಂದಿನ ಸೀಟಿನಲ್ಲಿ ಕಾಲು ಅಡ್ಡಕ್ಕೆ ಚಾಚಿ ಕೂತರೆ ಮಂಡಿಗೂ ಹಿತ.

ನನ್ನದು ಗಿಯರ್ ಬೈಕ್, ಮನೆಯವರದ್ದು ಕಾರು. ಇವುಗಳಲ್ಲಿ ತೊಂದರೆ ಏನು?

ಕ್ಲಚ್. ಹೊರವರ್ತುಲ ರಸ್ತೆಯ ಜಾಮಿನಲ್ಲಿ ಒಂದು ಗಂಟೆ ಕಾರು ಓಡಿಸಿದರೆ ಎಡಗಾಲು ನೂರಾರು ಸಲ ಕ್ಲಚ್ ಒತ್ತುತ್ತದೆ, ಅರ್ಧ ಒತ್ತಿಯೇ ಹಿಡಿದಿರುತ್ತದೆ. ಎಡ ಅಂಗಾಲು, ಎಡ ಮೀನಖಂಡ ಮಾತ್ರ ಬಿಗಿಯಾಗಿದೆ, ಬಲಗಡೆ ಸರಿಯಿದೆ ಎನ್ನುವವರು ಮೊದಲು ಅನುಮಾನಿಸಬೇಕಾದದ್ದು ಇದನ್ನು. ಸೀಟನ್ನು ಒಂದು ಹಲ್ಲು ಮುಂದಕ್ಕೆ ತನ್ನಿ: ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು, ಬೆರಳ ತುದಿಯಿಂದ ಎಟುಕಿಸಿ ಒತ್ತುವಂತಿರಬಾರದು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಬೈಕಿನಲ್ಲಿ ತೊಂದರೆ ಬೇರೆ ತರಹದ್ದು. ಗಿಯರ್ ಎತ್ತುವಾಗ ಎಡ ಪಾದದ ಮೇಲ್ಭಾಗಕ್ಕೆ ಲಿವರ್ ತಾಗಿ, ಶೂ ಲೇಸ್ ಬಿಗಿಯಾಗಿ ಕಟ್ಟುವ ಓಟಗಾರರಿಗೆ ಮೊದಲೇ ನೋಯುವ ಜಾಗವೇ ಇನ್ನಷ್ಟು ನೋಯುತ್ತದೆ. ಗಿಯರ್ ಇಲ್ಲದ ಸ್ಕೂಟರ್ ಈ ವಿಷಯದಲ್ಲಿ ಎಷ್ಟೋ ಮೇಲು.

## ಸೈಕಲ್

ಸೈಕಲ್ ಓಟಕ್ಕೆ ಒಳ್ಳೇದು ಅಂತಾರಲ್ಲ, ರೆಸ್ಟ್ ಡೇ ದಿನ ಅದರಲ್ಲೇ ಹೋಗ್ಲಾ?

ಹೋಗಿ, ನಿಧಾನವಾಗಿ. ಪೆಡಲ್ ತುಳಿಯುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಹಿಗ್ಗುತ್ತಾ ಅಲ್ಲ, ಬಡಿತವೂ ಇಲ್ಲ. ಅದಕ್ಕೇ ಕಾಲು ನೋಯುತ್ತಿದ್ದರೂ ಸೈಕಲ್ ಮೇಲೆ ಹಗುರ ಅನಿಸುತ್ತದೆ. ಅಪಾಯ ಇರುವುದೂ ಅಲ್ಲೇ. ನೋವು ಎಚ್ಚರಿಸುವುದಿಲ್ಲವಾದ್ದರಿಂದ ಹಿಂದೆ ಬಂದ ಇನ್ನೊಬ್ಬ ಸೈಕಲ್ಲಿಗನ ಜೊತೆ ಪೈಪೋಟಿಗೆ ಬಿದ್ದು, ಫ್ಲೈಓವರ್ ಮೇಲೆ ಎದ್ದು ನಿಂತು ತುಳಿದು, ರೆಸ್ಟ್ ಡೇಯನ್ನು ವ್ಯಾಯಾಮದ ದಿನ ಮಾಡಿಕೊಳ್ಳುವವರೇ ಜಾಸ್ತಿ. 5ರಿಂದ 8 ಕಿ.ಮೀ., ಗಂಟೆಗೆ 12–15 ಕಿ.ಮೀ. ವೇಗ, ಮೂಗಿನಲ್ಲೇ ಉಸಿರಾಡಲು ಆಗುವಷ್ಟು. ಹಗುರವಾದ ಗಿಯರ್ ಹಾಕಿ ಪೆಡಲನ್ನು ನಿಮಿಷಕ್ಕೆ 80 ಸುತ್ತಿನ ಆಸುಪಾಸು ತಿರುಗಿಸಿ, ಪೆಡಲ್ ಒತ್ತಿದಂತೆ ಅನಿಸಬಾರದು.

ಬೆಂಗಳೂರು ಚಪ್ಪಟೆ ಊರಲ್ಲ ಎಂಬುದು ಸೈಕಲ್ ಹತ್ತಿದ ಮೇಲೇ ತಿಳಿಯುವುದು. ಕೆರೆಯಿದ್ದಲ್ಲಿ ತಗ್ಗು, ಎರಡು ಕೆರೆಯ ನಡುವೆ ದಿಣ್ಣೆ. ದಾರಿ ಆರಿಸುವಾಗ ಊರಿನ ಹೆಸರನ್ನೇ ಓದಿಕೊಳ್ಳಿ: ಅರಕೆರೆ, ಹೊಸಕೆರೆಹಳ್ಳಿ, ಕೋಣನಕುಂಟೆ, ಬೊಮ್ಮಸಂದ್ರ. ಕೆರೆ, ಕುಂಟೆ, ಸಂದ್ರ ಎಂದಿದ್ದರೆ ಅಲ್ಲಿಗೆ ಇಳಿದು ಹೋಗುತ್ತೀರಿ, ಬರುವಾಗ ಹತ್ತುತ್ತೀರಿ ಎಂದುಕೊಂಡರೆ ಹೆಚ್ಚು ಸಲ ಸರಿಯಾಗುತ್ತದೆ. ಏರು ಸಿಕ್ಕರೆ ಇಳಿದು ತಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಓಡಾಟಕ್ಕೆ ಯಾವ ಸೈಕಲ್ ತಗೋಬೇಕು?

ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಬೆಟ್ಟದ ಸೈಕಲ್ಲಿಗೂ ನಡುವಿನದ್ದು. 700×35 (ಟೈರಿನ ಮೇಲೆ ಬರೆದಿರುವ ಅಳತೆ) ಅಥವಾ ಅದಕ್ಕಿಂತ ದಪ್ಪ ಟೈರು, ಹಿಂದೆ ದೊಡ್ಡ ಹಲ್ಲುಚಕ್ರ 32 ಅಥವಾ 34 ಹಲ್ಲಿನದ್ದು, ಮಡ್‌ಗಾರ್ಡ್, ಕ್ಯಾರಿಯರ್. ತೆಳ್ಳನೆಯ ಟೈರಿನ ರೋಡ್ ಬೈಕಿನಲ್ಲಿ ಗುಂಡಿ ತಪ್ಪಿಸುವುದೇ ಕೆಲಸವಾಗುತ್ತದೆ. ಮುಂದೆ ಸಸ್ಪೆನ್ಶನ್ ಇರುವ ಅಗ್ಗದ ಎಂ.ಟಿ.ಬಿ. (ಬೆಟ್ಟದ ಸೈಕಲ್) ಭಾರ ಜಾಸ್ತಿ, ತುಳಿದ ಬಲದ ಒಂದಷ್ಟು ಭಾಗವನ್ನು ಆ ಸ್ಪ್ರಿಂಗೇ ನುಂಗುತ್ತದೆ. ಗಿಯರ್ ಇಲ್ಲದ ಹಳೆಯ ಕಪ್ಪು ಸೈಕಲ್ ಸಮತಟ್ಟಾದ ಬಡಾವಣೆಯೊಳಗೆ ಚೆನ್ನಾಗಿಯೇ ನಡೆಯುತ್ತದೆ, ದಿಣ್ಣೆ ಬಂದರೆ ಮಂಡಿಗೆ ಕಷ್ಟ. ಬ್ಯಾಗನ್ನು ಬೆನ್ನಿಗೆ ಹಾಕದೆ ಕ್ಯಾರಿಯರ್‌ಗೆ ಕಟ್ಟಿ; ಬೆನ್ನು ಬೆವರದೆ ಆಫೀಸು ತಲುಪಬಹುದು.

ಸೈಕಲ್ ತುಳಿದ ಮಾರನೇ ದಿನ ಮಂಡಿ ನೋವು. ಓಡಿದ್ರೆ ಬರಲ್ಲ, ಸೈಕಲ್‌ಗೆ ಬರುತ್ತೆ!

ಹತ್ತರಲ್ಲಿ ಎಂಟು ಸಲ ಸೀಟಿನ ಎತ್ತರ ತಪ್ಪಿರುತ್ತದೆ. ಅಂಗಡಿಯವರು ಎರಡೂ ಕಾಲು ನೆಲಕ್ಕೆ ಎಟುಕುವಂತೆ ಸೀಟು ಇಳಿಸಿ ಕೊಡುತ್ತಾರೆ. ಹೊಸಬರಿಗೆ ಧೈರ್ಯ ಬರಲಿ ಎಂದು. ಆ ಎತ್ತರದಲ್ಲಿ ಮಂಡಿ ಯಾವಾಗಲೂ ತೀರಾ ಬಾಗಿದ್ದು ಮಂಡಿಚಿಪ್ಪಿನ ಹಿಂದೆ ಒತ್ತಡ ಕೂಡುತ್ತದೆ.

ಸರಿ ಮಾಡುವ ಕ್ರಮ ಇದು. ಗೋಡೆಗೆ ಕೈ ಊರಿ ಸೀಟಿನ ಮೇಲೆ ನೇರ ಕೂತುಕೊಳ್ಳಿ. ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಈಗ ಮಂಡಿ ನೆಟ್ಟಗಾಗಬೇಕು, ಸೊಂಟ ಒಂದು ಕಡೆಗೆ ಇಳಿಯಬಾರದು. ಆ ಎತ್ತರಕ್ಕೆ ಸೀಟು ಬಿಗಿ ಮಾಡಿ. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿಯಲ್ಲಿ ತಾನಾಗಿಯೇ 25–35 ಡಿಗ್ರಿ ಬಾಗು ಉಳಿಯುತ್ತದೆ. ಆಮೇಲೆ ಬದಲಾಯಿಸುವುದಿದ್ದರೆ ಒಂದು ಸಲಕ್ಕೆ 5 ಮಿಲಿಮೀಟರ್ ಮಾತ್ರ, ಎರಡು ದಿನ ತುಳಿದು ನೋಡಿ ಮುಂದಿನದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿದೆ ಎಂದರ್ಥ. ಮಂಡಿಯ ಹಿಂದೆ ಅಥವಾ ಹಿಮ್ಮಡಿಯ ಮೇಲೆ ಎಳೆಯುತ್ತಿದ್ದರೆ, ಹಿಂದಿನಿಂದ ನೋಡಿದವರು ಸೊಂಟ ಅಲ್ಲಾಡುತ್ತಿದೆ ಅಂದರೆ, ಎತ್ತರ ಹೆಚ್ಚಾಗಿದೆ. ಹೊಂದಿದ ಎತ್ತರಕ್ಕೆ ಸೀಟ್‌ಪೋಸ್ಟ್ ಮೇಲೆ ಇನ್ಸುಲೇಶನ್ ಟೇಪಿನ ಗುರುತು ಸುತ್ತಿಬಿಡಿ. ಸರ್ವಿಸಿಗೆ ಕೊಟ್ಟು ತಂದಾಗ ಸೀಟು ಇಳಿದಿರುವುದು ತೀರಾ ಸಾಮಾನ್ಯ. ಸೀಟ್‌ಪೋಸ್ಟಿನಲ್ಲಿ ಕೊರೆದಿರುವ ಗರಿಷ್ಠ ಗೆರೆಗಿಂತ ಮೇಲಕ್ಕೆ ಎಳೆಯಬೇಡಿ, ಕೊಳವೆ ಮುರಿಯುತ್ತದೆ.

ಗಾಳಿ ಎಷ್ಟು ಹೊಡೆಸ್ಬೇಕು? ಪೆಟ್ರೋಲ್ ಬಂಕಲ್ಲಿ ಹೊಡೆಸಬಹುದಾ?

ಟೈರಿನ ಪಕ್ಕದಲ್ಲಿ ಕನಿಷ್ಠ ಗರಿಷ್ಠ ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಅಚ್ಚಾಗಿರುತ್ತದೆ, ಅದರೊಳಗಿರಲಿ. 65–75 ಕಿಲೊ ತೂಕದವರಿಗೆ 700×35 ಟೈರಿನಲ್ಲಿ 50–65, 26 ಇಂಚಿನ ದಪ್ಪ ಟೈರಿನಲ್ಲಿ 35–50 ಸಾಕು. ಹಿಂದಿನ ಚಕ್ರಕ್ಕೆ ಐದು ಜಾಸ್ತಿ. ಗಾಳಿ ಕಡಿಮೆಯಾದರೆ ತುಳಿಯುವುದು ಭಾರ, ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಅಂಥ ಜೋಡಿ ತೂತು ಕಂಡರೆ ಮೊಳೆ ಹುಡುಕುವುದು ಬಿಟ್ಟು ಗಾಳಿ ಹೆಚ್ಚಿಸಿ.

ಬೈಕಿನ ಥರದ ದಪ್ಪ ವಾಲ್ವ್ ಇದ್ದರೆ ಬಂಕಿನ ಪೈಪು ಹೊಂದುತ್ತದೆ. ಆದರೆ ಕಾರಿಗೆ ಮಾಡಿದ ಆ ಯಂತ್ರ ಸೈಕಲ್ ಟ್ಯೂಬನ್ನು ಕಣ್ಣು ಮಿಟುಕಿಸುವುದರಲ್ಲಿ ತುಂಬಿಬಿಡುತ್ತದೆ, ಸಿಡಿಯಲೂಬಹುದು. ಮನೆಯಲ್ಲಿ ಗೇಜ್ ಇರುವ ನಿಲ್ಲುವ ಪಂಪ್ ಇಟ್ಟುಕೊಂಡು ವಾರಕ್ಕೊಮ್ಮೆ ಹೊಡೆಯುವುದೇ ವಾಸಿ.

ಯುಲು ಥರದ ಬಾಡಿಗೆ ಗಾಡಿ ಉಪಯೋಗಕ್ಕೆ ಬರುತ್ತಾ?

ಮೆಟ್ರೊ ನಿಲ್ದಾಣದಿಂದ ಆಫೀಸಿಗೆ ಎರಡು ಮೂರು ಕಿಲೋಮೀಟರಿಗೆ ಚೆನ್ನಾಗಿ ಬರುತ್ತದೆ. ಗಂಟೆಗೆ 25 ಕಿ.ಮೀ. ಮೀರದ, 250 ವಾಟ್‌ಗಿಂತ ಕಡಿಮೆ ಮೋಟರಿನ ಇಂಥ ಗಾಡಿಗೆ ಲೈಸೆನ್ಸ್ ಬೇಡ. ಕಾಲಿಗೆ ಪೂರ್ತಿ ಬಿಡುವು. ಅನ್‌ಲಾಕ್ ಮಾಡುವ ಮುನ್ನ ಎರಡೂ ಬ್ರೇಕ್ ಹಿಡಿದು ತಳ್ಳಿ ನೋಡಿ, ಟೈರು ಒತ್ತಿ ನೋಡಿ, ಆಪ್‌ನಲ್ಲಿ ಬ್ಯಾಟರಿ ನೋಡಿ. ಬಾಡಿಗೆ ಓಡತೊಡಗಿದ ಮೇಲೆ ನೋಡಿ ಉಪಯೋಗವಿಲ್ಲ. ಬಿಡುವ ಜಾಗ ಎಲ್ಲಿದೆ ಎಂದು ಹೊರಡುವ ಮೊದಲೇ ಗುರುತಿಸಿಕೊಳ್ಳಿ. ಹೆಲ್ಮೆಟ್ ನಿಮ್ಮದೇ ಇರಲಿ.

ಮಡಚುವ ಸೈಕಲ್ ಮೆಟ್ರೊದಲ್ಲಿ ಬಿಡ್ತಾರಾ?

2022ರಿಂದ ಬಿಡುತ್ತಾರೆ. ಕೊನೆಯ ಬೋಗಿಯಲ್ಲಿ ಹತ್ತಬೇಕು, ತೂಕ 15 ಕಿಲೊ ಮೀರಬಾರದು, ಮಡಚಿದಾಗ 60×45×25 ಸೆಂಟಿಮೀಟರ್ ಒಳಗಿರಬೇಕು, ತಪಾಸಣೆಯಾಗಬೇಕು. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ: 20 ಇಂಚು ಚಕ್ರದ ಬಹುಪಾಲು ಸೈಕಲ್‌ಗಳು ಮಡಚಿದ ಮೇಲೂ ಈ ಅಳತೆಗಿಂತ ದೊಡ್ಡವು. ಇನ್ನೊಂದು ಯೋಚನೆ ಮಾಡಬೇಕಾದದ್ದು, 12–13 ಕಿಲೊ ಸೈಕಲ್ಲನ್ನು ಒಂದೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿಳಿಯುವುದನ್ನು. ವಿಶ್ರಾಂತಿಯ ದಿನಕ್ಕೆ ಅದು ಹೇಳಿಮಾಡಿಸಿದ ಕೆಲಸವಲ್ಲ. ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸಿ ಹೋಗುವ ಅನುಕೂಲವಿದ್ದರೆ ಅದೇ ಒಳ್ಳೆಯದು. ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ ಯು-ಲಾಕ್ ಹಾಕಿ.

## ವರ್ಷಗಳಿಂದ ಓಡುತ್ತಿರುವವರಿಗೆ

ಓಡಾಟ ಜಾಸ್ತಿ ಆಯ್ತು ಅಂತ ವಾಚಿನಲ್ಲಿ ಹೇಗೆ ಗೊತ್ತಾಗುತ್ತೆ?

ಗರಿಷ್ಠ ಹೃದಯಬಡಿತದ 65 ಶೇಕಡಾ ಮೀರದಿರಲಿ. 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ 40 ವರ್ಷದವರಿಗೆ ಅದು 117. ಈ ಲೆಕ್ಕ ಹತ್ತು ಹನ್ನೆರಡು ಬಡಿತ ಆಚೀಚೆಯಾಗುತ್ತದೆ, ಆದ್ದರಿಂದ ರೇಸಿನಲ್ಲಿ ನೀವೇ ಕಂಡ ಗರಿಷ್ಠ ಸಂಖ್ಯೆ ಇದ್ದರೆ ಅದನ್ನು ಹಿಡಿಯಿರಿ. ಗುಂಡಿಬಿದ್ದ ರಸ್ತೆಯ ಮೇಲೆ ಸೈಕಲ್ ತುಳಿಯುವಾಗ ಮಣಿಕಟ್ಟಿನ ಸೆನ್ಸರ್ ಅಲುಗಾಡಿ ಸುಳ್ಳು ಸಂಖ್ಯೆ ತೋರಿಸುವುದುಂಟು. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ಬಡಿತ ಎಂದಿಗಿಂತ ಏಳೆಂಟು ಹೆಚ್ಚಿದ್ದರೆ, ನಿದ್ದೆಯೂ ಸರಿಯಾಗಿಲ್ಲದಿದ್ದರೆ, ಆ ದಿನದ ವೇಗದ ಓಟವನ್ನು ಮುಂದೂಡಿ.

ಮೀನಖಂಡ ಒಂದು ಥರ, ಮಂಡಿ ಒಂದು ಥರ. ಯಾವ ನೋವಿಗೆ ಯಾವ ವಾಹನ?

ಮಂಡಿಚಿಪ್ಪಿನ ಸುತ್ತ ನೋವಿದ್ದರೆ ಮೆಟ್ಟಿಲಿಳಿಯುವುದು ಮತ್ತು ಮಂಡಿ ಮಡಿಸಿ ತುಂಬ ಹೊತ್ತು ಕೂರುವುದು ಎರಡೂ ಆಗದು. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬಿಟ್ಟು ಕಾಲು ಚಾಚಲಾಗುವ ಓಣಿ ಪಕ್ಕದ ಸೀಟು ಹಿಡಿಯಿರಿ. ಮಂಡಿಯ ಹೊರಬದಿಯ ಐ.ಟಿ. ಬ್ಯಾಂಡ್ (ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಮಂಡಿಯ ಕೆಳಗಿನವರೆಗೆ ಬರುವ ಪಟ್ಟಿ) ನೋವಿದ್ದರೆ ಇಳಿಜಾರಿನ ನಡಿಗೆ ಬೇಡ. ಸೈಕಲ್ಲೂ ಕೆಣಕಬಹುದು, ಏಕೆಂದರೆ ನೋವು ಹುಟ್ಟುವ ಸುಮಾರು 30 ಡಿಗ್ರಿ ಬಾಗನ್ನು ಮಂಡಿ ಪ್ರತಿ ಸುತ್ತಿನಲ್ಲೂ ಹಾಯುತ್ತದೆ. ಸೀಟನ್ನು ಸೂಜಿಮೊನೆಯಷ್ಟು ಇಳಿಸಿ ನೋಡಿ, ಆಗಲೂ ನೋವಾದರೆ ಬಿಟ್ಟುಬಿಡಿ.

ಹಿಮ್ಮಡಿಯ ಅಂಗಾಲು ನೋವಿನವರಿಗೆ ಕೂತು ಎದ್ದ ಮೊದಲ ಹೆಜ್ಜೆಗಳೇ ಶತ್ರು. ನಿಮ್ಮ ನಿಲ್ದಾಣ ಬರುವ ಎರಡು ನಿಮಿಷ ಮೊದಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ ಎದ್ದೇಳಿ. ಅಕಿಲಿಸ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು) ನೋವಿನವರು ಪೆಡಲ್ ಮೇಲೆ ಪಾದದ ನಡುಭಾಗ ಇಟ್ಟು ತುಳಿದರೆ ಹಿಮ್ಮಡಿಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಮಂಡಿಯ ಕೆಳಗೆ ಕಾಲಿನ ಮುಂದಿನ ಮೂಳೆಯ ಮೇಲೆ ಒಂದು ಬೆರಳಿನಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುತ್ತದೆ ಎಂದಾದರೆ ಮೂಳೆಯಲ್ಲೇ ಬಿರುಕಿರಬಹುದು. ಅಂಥವರಿಗೆ ನಡಿಗೆಯೂ ಬೇಡ, ಬಸ್ಸಿನ ನೂಕುನುಗ್ಗಲೂ ಬೇಡ. ಆಟೊ ಹಿಡಿದು ವೈದ್ಯರ ಹತ್ತಿರ ಹೋಗಿ.

ಬಿಬ್ ತರೋಕೆ ರೇಸಿನ ಹಿಂದಿನ ದಿನ ಊರಾಚೆ ಹೋಗ್ಬೇಕು. ಕಾಲು ಉಳಿಸೋದು ಹೇಗೆ?

ಬಿಬ್, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಹಾಳೆಯನ್ನು ಎರಡು ಮೂರು ದಿನ ಕೊಡುತ್ತಿದ್ದರೆ ಮೊದಲ ದಿನವೇ ಹೋಗಿ. ಬಿಬ್ ತೆಗೆದುಕೊಂಡು, ಮಳಿಗೆಗಳನ್ನು ಒಂದು ಸುತ್ತು ನೋಡಿ, ಒಂದು ಗಂಟೆಯೊಳಗೆ ಹೊರಗೆ ಬನ್ನಿ. ಸಾಲಿನಲ್ಲಿ ಕುಡಿಯಲು ನೀರು ಕೈಯಲ್ಲಿರಲಿ. ದೊಡ್ಡ ಓಟಗಳಿದ್ದ ಭಾನುವಾರ ಮೆಟ್ರೊ ಬೇಗ ಶುರುಮಾಡಿದ್ದುಂಟು; ಆದರೆ ಅದು ಪ್ರತಿ ಸಲ ಪ್ರಕಟಣೆಯಾಗಬೇಕು. ಕಾಣದಿದ್ದರೆ ಹಿಂದಿನ ರಾತ್ರಿಯೇ ಬೇರೆ ವಾಹನ ಗೊತ್ತುಮಾಡಿ.

ಮ್ಯಾರಥಾನ್ ಆದ ವಾರ ಆಫೀಸಿಗೆ ಹೇಗೆ ಹೋಗೋದು?

ಓಟ ಮುಗಿದ ಕೂಡಲೇ ನೀವೇ ಬೈಕ್ ಓಡಿಸಿಕೊಂಡು ಮನೆಗೆ ಬರಬೇಡಿ. ಸಿಗ್ನಲ್‌ನಲ್ಲಿ ಕಾಲು ಊರಿದಾಗ ತೊಡೆ ಹಿಡಿದುಕೊಂಡರೆ ಗಾಡಿಸಮೇತ ಬೀಳುತ್ತೀರಿ. ನೋವು ತಾರಕಕ್ಕೇರುವುದು ಒಂದರಿಂದ ಮೂರನೇ ದಿನದೊಳಗೆ. ಸೋಮವಾರ, ಮಂಗಳವಾರ ಆಟೊ, ಲಿಫ್ಟ್, ಊಟದ ನಂತರ 15 ನಿಮಿಷ ಸಮತಟ್ಟಿನ ನಡಿಗೆ. ಬುಧವಾರದಿಂದ ಮೆಟ್ರೊ. ಗುರುವಾರ, ಶುಕ್ರವಾರ ಕಾಲು ಕೇಳಿದರೆ ಅರ್ಧ ಗಂಟೆ ಹಗುರ ಸೈಕಲ್.

ಬೇರೆ ಊರಿಂದ ಓಡಲು ಬಂದವರು ಅದೇ ರಾತ್ರಿ ಹತ್ತು ಗಂಟೆ ಬಸ್ಸಿನಲ್ಲಿ ಮುದುಡಿ ಕೂರದೆ, ಸಾಧ್ಯವಾದರೆ ಒಂದು ರಾತ್ರಿ ತಂಗಿ. ಆಗದಿದ್ದರೆ ಬಸ್ಸು ನಿಂತಲ್ಲೆಲ್ಲ ಇಳಿದು ನಡೆಯಿರಿ, ಕೂತಲ್ಲೇ ಪಾದ ಆಡಿಸುತ್ತಿರಿ, ನೀರು ಕುಡಿಯಿರಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದನ್ನು ಓಟದ ನೋವೆಂದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟುತ್ತಿದ್ದರೆ ತುರ್ತು ಚಿಕಿತ್ಸೆಗೇ.

ನಾವು ಬೆಂಗಳೂರಿನವರಲ್ಲ. ಮೈಸೂರು, ಹುಬ್ಬಳ್ಳಿ, ಮಂಗಳೂರಿಗೂ ಇದೇನಾ?

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 48 ನಿಲ್ದಾಣ, 450 ಸೈಕಲ್‌ಗಳೊಂದಿಗೆ ಶುರುವಾದ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಇದೆ. ಹಿಂದಿನವರು ತುಳಿದ ಎತ್ತರದಲ್ಲೇ ಹೊರಡದೆ ಪ್ರತಿ ಸಲ ಸೀಟು ನಿಮ್ಮ ಅಳತೆಗೆ ಮಾಡಿಕೊಳ್ಳಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ರೆಸ್ಟ್ ಡೇ ದಿನ ಭಕ್ತಿಯಿಂದ ಹತ್ತಿದರೂ ಇಳಿಯುವಾಗ ಬಸ್ಸು ಹತ್ತಿ. ಹುಬ್ಬಳ್ಳಿ–ಧಾರವಾಡದವರಿಗೆ 2018ರಲ್ಲಿ ಓಡಾಟ ಶುರುಮಾಡಿದ ಚಿಗರಿ ಬಸ್ಸು ಇದೆ: ನಿಲ್ದಾಣದ ಕಟ್ಟೆಯೂ ಬಸ್ಸಿನ ಬಾಗಿಲೂ ಒಂದೇ ಮಟ್ಟ, ಹತ್ತಲು ಮೆಟ್ಟಿಲೇ ಇಲ್ಲ. ನೋಯುವ ತೊಡೆಗೆ ಇದಕ್ಕಿಂತ ಒಳ್ಳೆಯ ಬಸ್ಸು ಬೇಡ. ಮಂಗಳೂರಿನ ಏರಿಳಿತಕ್ಕೂ ಸೆಕೆಗೂ ಸೈಕಲ್ ಬೆಳಿಗ್ಗೆ ಎಂಟರೊಳಗೆ ಮಾತ್ರ. ಉಳಿದ ಹೊತ್ತು ಸಿಟಿ ಬಸ್ಸು.

ಮಳೆ ಬಂದ್ರೆ?

ಚರಂಡಿ ಮೇಲಿನ ಚಪ್ಪಡಿಯ ನಡುವೆ ಕಾಲಿಡದೆ, ಅದು ಗೋಡೆಯ ಮೇಲೆ ಕೂತಿರುವ ಅಂಚಿನ ಹತ್ತಿರ ಇಡಿ. ಅಲುಗಾಡುವ ಕಲ್ಲು ಮಗುಚುವುದು ಸಡಿಲ ಮೂಲೆ ಮೆಟ್ಟಿದಾಗ. ನಿಂತ ನೀರೊಳಗೆ ಹೆಜ್ಜೆ ಬೇಡ, ಕೆಳಗೆ ಮುಚ್ಚಳವಿಲ್ಲದ ಗುಂಡಿ ಇರಬಹುದು. ಕಬ್ಬಿಣದ ಮುಚ್ಚಳ, ರಸ್ತೆಯ ಬಿಳಿ ಪಟ್ಟೆ, ಏಪ್ರಿಲ್‌ನಲ್ಲಿ ಉದುರಿದ ಹೊಂಗೆ ಹೂವು, ಜೂನ್‌ನ ನೇರಳೆ ಹಣ್ಣು ಎಲ್ಲವೂ ಜಾರುತ್ತವೆ. ಸೈಕಲ್‌ನಲ್ಲಿ ಇವುಗಳನ್ನು ನೇರವಾಗಿ ದಾಟಿ, ಅವುಗಳ ಮೇಲೆ ತಿರುಗಿಸುವುದೂ ಬ್ರೇಕ್ ಹಿಡಿಯುವುದೂ ಬೇಡ. ಮನೆಗೆ ಬಂದ ಮೇಲೆ ಚೈನನ್ನು ಹಳೇ ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲ್ ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ.